ಹೋಗೋ ದಾರಿ ಕೆಂಪು, ಬರೋ ದಾರಿ ನೀಲಿ

ಟ್ಯಾಬ್ಲೆಟ್ ಮೇಲೆ ಚಿತ್ರ ಬಿಡಿಸೋದನ್ನ ಕಲಿಸುವವರಿಗೆ ಡೋನಟ್ ಅಂದರೆ ಅದೇನು ಪ್ರೀತಿಯೋ ಕಾಣೆ. ಹೊಸಬರಿಗೆಂದು ಮಾಡಿದ ಯಾವ ವಿಡಿಯೋ ಪಾಠ ತೆಗೆದು ನೋಡಿ, ಮೊದಲು ಬರುವುದು ಡೋನಟ್. ಅದನ್ನು ನೋಡಿರದವರು ಬಣ್ಣದ ಸಕ್ಕರೆಪಾಕ ಸುರಿದ ಉದ್ದಿನ ವಡೆಯನ್ನು ಕಲ್ಪಿಸಿಕೊಂಡರೆ ಸಾಕು. ಆಮೇಲೆ ಕುಂಡದಲ್ಲಿ ಕೂತ ಕಳ್ಳಿ. ಆಮೇಲೆ ಹಿಮದ ಬೆಟ್ಟ, ಅದರ ಮುಂದೆ ಸಾಲಾಗಿ ನಿಂತ ಪೈನ್ ಮರಗಳು. ಇಷ್ಟೆಲ್ಲ ದಾಟಿದವರಿಗೆ ಆಕಾಶದಲ್ಲಿ ತೇಲುವ ದೊಡ್ಡ ಬಲೂನು. ದೇಹೂ ರೋಡಿನ ನಮ್ಮ ಮನೆಯ ಅಡಿಗೆಕಟ್ಟೆಯ ಪಕ್ಕ ಸ್ಟೂಲು ಹಾಕಿಕೊಂಡು, ಕುಕ್ಕರಿನ ಮೂರನೇ ಸೀಟಿಗೆ ಕಾಯುತ್ತ, ಐವತ್ತು ದಾಟಿದ ನಾನು ಇವನ್ನೆಲ್ಲ ಒಂದರ ಹಿಂದೊಂದು ಬಿಡಿಸಿದ್ದೇನೆ. ಹಿಮ ನಾನು ಕಂಡದ್ದು ಫ್ರಿಜ್ಜಿನೊಳಗೆ ಮಾತ್ರ!

ತಮಾಷೆ ಇರಲಿ. ಡೋನಟ್ಟಿನ ಹಿಂದೆ ಒಂದು ಲೆಕ್ಕಾಚಾರ ಇದೆ. ಕೆಳಗಿನ ಲೇಯರಿನಲ್ಲಿ ಕಂದು ವಡೆ, ಅದರ ಮೇಲಿನದರಲ್ಲಿ ಗುಲಾಬಿ ಪಾಕ, ಅದರ ಮೇಲೆ ನೆರಳು, ಎಲ್ಲಕ್ಕೂ ಮೇಲೆ ಬಣ್ಣದ ಕಾಳು. ಲೇಯರ್ ಅಂದರೆ ಪದರ. ಬಟರ್ ಪೇಪರಿನ ಹಾಳೆಗಳನ್ನು ಒಂದರ ಮೇಲೊಂದು ಹಾಸಿ, ಒಂದೊಂದರಲ್ಲಿ ಚಿತ್ರದ ಒಂದೊಂದು ಭಾಗ ಬರೆದ ಹಾಗೆ. ಪಾಕದ ಬಣ್ಣ ಬೇಡವೆನಿಸಿದರೆ ಆ ಹಾಳೆಯೊಂದನ್ನೇ ಬದಲಾಯಿಸಿದರಾಯಿತು, ಕೆಳಗಿನ ವಡೆ ಇದ್ದಂತೆ ಇರುತ್ತದೆ. ನೆರಳು ಪಾಕದ ಅಂಚು ದಾಟಿ ಚೆಲ್ಲಬಾರದು ಅಂದರೆ ಅದಕ್ಕೆ ಕ್ಲಿಪ್ಪಿಂಗ್ ಅಂತ ಒಂದು ಗುಂಡಿ. ಅದನ್ನು ಒತ್ತಿದರೆ ಕೆಳಗಿನ ಹಾಳೆಯಲ್ಲಿ ಬಣ್ಣ ಇದ್ದ ಕಡೆ ಮಾತ್ರ ಮೇಲಿನದು ಕಾಣುತ್ತದೆ. ಇಷ್ಟು ಗೊತ್ತಾದರೆ ಅರ್ಧ ವಿದ್ಯೆ ಬಂದಂತೆಯೇ. ಉಳಿದರ್ಧ ಕೈಗೆ ಬಿಟ್ಟದ್ದು. ಅದು ಯಾವ ಗುಂಡಿ ಒತ್ತಿದರೂ ಬರುವುದಿಲ್ಲ.

ಈ ಟ್ಯಾಬ್ಲೆಟ್ 2022ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಕೊಟ್ಟದ್ದು. ಪೆನ್ನು ಜೊತೆಗೇ ಬಂದಿತ್ತು. "ಅಮ್ಮಾ, ಇದರಲ್ಲಿ ಬರೀ ಸೀರಿಯಲ್ ನೋಡ್ಕೊಂಡು ಕೂತ್ಕೋಬೇಡ" ಅಂತ ಐಬಿಸ್ ಪೇಂಟ್ ಅನ್ನೋ ಜಪಾನಿನವರ ಆ್ಯಪ್ ಹಾಕಿಕೊಟ್ಟು ಹೋದಳು. ಪುಕ್ಕಟೆಯದು, ಆದ್ದರಿಂದ ನಡುನಡುವೆ ಜಾಹೀರಾತು. ಮೊದಲ ವಾರ ಗಾಜಿನ ಮೇಲೆ ಪೆನ್ನು ಎಣ್ಣೆ ಹಚ್ಚಿದ ದೋಸೆಹಂಚಿನ ಮೇಲೆ ಜಾರಿದಂತೆ ಜಾರುತ್ತಿತ್ತು. ಕಾಗದದಷ್ಟು ಒರಟಾದ ಒಂದು ಪರದೆಹಾಳೆ ಸಿಗುತ್ತದೆ, ಅದನ್ನು ಅಂಟಿಸಿದ ಮೇಲೆ ಹಿಡಿತ ಬಂತು. ಪೆನ್ನು ಒತ್ತಿದರೆ ಗೆರೆ ದಪ್ಪ, ಹಗುರ ಹಿಡಿದರೆ ಸಣ್ಣ. ಕೈ ನಡುಗಿದರೆ ಗೆರೆಯನ್ನು ತಾನೇ ನಯ ಮಾಡಿಕೊಡುವ ಸ್ಟೆಬಿಲೈಸರ್ ಅಂತ ಒಂದಿದೆ. ಅದನ್ನು ಪೂರ್ತಿ ಏರಿಸಿದರೆ ನಮ್ಮ ಗೆರೆ ನಮ್ಮದಾಗಿ ಉಳಿಯುವುದಿಲ್ಲ, ಗ್ರೀಟಿಂಗ್ ಕಾರ್ಡಿನ ಗೆರೆಯಾಗುತ್ತದೆ. ನಾನು ಅರ್ಧಕ್ಕೆ ಇಟ್ಟುಕೊಂಡಿದ್ದೇನೆ. ಈ ವಯಸ್ಸಿಗೆ ಅಷ್ಟು ನಡುಕ ಇರಲಿ ಬಿಡಿ.

ಊರಲ್ಲಿ ಕೇಳಿದವರಿಗೆ ನಾವು ಪುಣೆಯಲ್ಲಿದ್ದೇವೆ ಅಂತ ಹೇಳುತ್ತೇನೆ. ಪುಣೆಯವರನ್ನು ಕೇಳಿ ನೋಡಿ, ದೇಹೂ ರೋಡ್ ಪುಣೆಯೇ ಅಲ್ಲ ಅಂತಾರೆ! ಲೋಣಾವಳಾ ಲೋಕಲ್ಲಿನಲ್ಲಿ ಚಿಂಚ್‌ವಡ, ಆಕುರ್ಡಿ ದಾಟಿದ ಮೇಲೆ ಬರುವ ಸ್ಟೇಷನ್ನು. ಸಂತ ತುಕಾರಾಮರ ದೇಹೂ ಇದಲ್ಲ. ಅದು ಇಲ್ಲಿಂದ ಕೆಲವು ಕಿಲೋಮೀಟರ್ ಆಚೆ ಇಂದ್ರಾಯಣಿ ದಂಡೆಯ ಮೇಲಿದೆ. ಆ ದೇಹೂಗೆ ಹೋಗುವ ದಾರಿಯ ಸ್ಟೇಷನ್ನಾದ್ದರಿಂದ ಇದು ದೇಹೂ ರೋಡ್. ನಮ್ಮದು ದಂಡಿನ ಊರು. ಸೈನ್ಯದ ದೊಡ್ಡ ಡಿಪೋ, ಮದ್ದುಗುಂಡಿನ ಕಾರ್ಖಾನೆ ಎರಡೂ ಇವೆ. ಅವುಗಳ ಕೆಲಸಕ್ಕೆಂದು ಬಂದ ತಮಿಳರು, ತೆಲುಗರು, ಮಲಯಾಳಿಗಳು, ಪಂಜಾಬಿಗಳು ಇಲ್ಲೇ ಬೇರುಬಿಟ್ಟಿದ್ದಾರೆ. ಅಯ್ಯಪ್ಪನ ಗುಡಿಯೂ ಇದೆ, ಗುರುದ್ವಾರವೂ ಇದೆ. 1954ರ ಡಿಸೆಂಬರ್ 25ರಂದು ಡಾ. ಅಂಬೇಡ್ಕರ್ ತಾವೇ ಬಂದು ಬುದ್ಧನ ಮೂರ್ತಿ ಸ್ಥಾಪಿಸಿದ ವಿಹಾರವೂ ಇದೆ. ಡಿಪೋ ನೌಕರನ ಹೆಂಡತಿಯಾಗಿ ಧಾರವಾಡದಿಂದ ನಾನು ಇಲ್ಲಿಗೆ ಬಂದದ್ದು 1996ರಲ್ಲಿ. ಇಷ್ಟು ವರ್ಷದಲ್ಲಿ ಬಾಜಾರಿನ ಯಾವ ಅಂಗಡಿಯಲ್ಲಿ ಜೋಳದ ಹಿಟ್ಟು ಚೆನ್ನಾಗಿ ಬೀಸಿಕೊಡ್ತಾರೆ ಅನ್ನೋದು ಗೊತ್ತಿತ್ತು, ಯಾವ ಲೋಕಲ್ಲಿಗೆ ಗದ್ದಲ ಕಡಿಮೆ ಅನ್ನೋದು ಗೊತ್ತಿತ್ತು. ನೋಡಿ ಚಿತ್ರ ಬಿಡಿಸಬೇಕಾದಂಥದ್ದೂ ಇಲ್ಲಿ ಇದೆಯೆಂಬ ಯೋಚನೆ ಮಾತ್ರ ಬಂದಿರಲಿಲ್ಲ. ಬರಲು ಪುರುಸೊತ್ತಾದರೂ ಎಲ್ಲಿತ್ತು ಹೇಳಿ?

ಪೈನ್ ಮರಗಳ ಪಾಠ ಮುಗಿದ ದಿನ ಒಂದು ಹಟ ಹುಟ್ಟಿತು. ಪಾಠ ಅವರದೇ ಇರಲಿ, ವಸ್ತು ನನ್ನದಾಗಬೇಕು. ಡೋನಟ್ಟಿನ ಜಾಗಕ್ಕೆ ಧಾರವಾಡದ ಪೇಡೆ ಬಂತು. ನೋಡಿದರೆ ಪೇಡೆ ಡೋನಟ್ಟಿಗಿಂತ ಒಳ್ಳೆಯ ಮೇಷ್ಟ್ರು! ಡೋನಟ್ ನುಣುಪು, ಹೇಗೆ ಬಣ್ಣ ತುಂಬಿದರೂ ಡೋನಟ್ಟೇ. ಪೇಡೆಗೆ ನಿಶ್ಚಿತ ಆಕಾರವಿಲ್ಲ. ಅದರ ಕಂದು ಒಂದೇ ಕಂದಲ್ಲ, ಮೇಲೆ ಅಂಟಿದ ಸಕ್ಕರೆಪುಡಿ ಒಂದೇ ಸಮ ಇರುವುದಿಲ್ಲ. ಸ್ಪ್ರೇ ಬ್ರಷ್ಷಿನಿಂದ ಬಿಳಿ ಚಿಮುಕಿಸಿ, ಆ ಪದರದ ಗಾಢತೆ ಇಳಿಸಿ, ಬೆರಳು ತಾಗಿದ ಕಡೆ ಸ್ವಲ್ಪ ಅಳಿಸಿದರೆ ಆಗ ಅದು ಪೇಡೆ. ಇಲ್ಲವಾದರೆ ಆಲೂಗಡ್ಡೆ. ನಾನು ತೋರಿಸಿದಾಗ ಇವರು ಚಷ್ಮಾ ಏರಿಸಿ "ಆಲೂಬೋಂಡಾ ಛಂದ ಬಂದದ" ಅಂದರು. ಇನ್ನೂ ಎರಡು ದಿನ ಕೂತು ತಿದ್ದಿದೆ.

ಹಿಮದ ಬೆಟ್ಟದ ಜಾಗಕ್ಕೆ ಘೋರಾಡೇಶ್ವರ. ನಮ್ಮ ಮನೆಯ ಗಚ್ಚಿನ ಮೇಲೆ ನಿಂತರೆ ಕಾಣುವ ಗುಡ್ಡ ಅದು. ಬಂಡೆ ಕೊರೆದು ಮಾಡಿದ ಹಳೇ ಬೌದ್ಧ ಗುಹೆಗಳಿವೆ. ಒಂದರಲ್ಲಿ ಆಮೇಲೆ ಶಿವಲಿಂಗ ಬಂದಿದೆ, ಶಿವರಾತ್ರಿಗೆ ಜಾತ್ರೆ ನಡೆಯುತ್ತದೆ. ದೂರದ ಗುಡ್ಡಕ್ಕೆ ತಿಳಿ ಬಣ್ಣ, ಹತ್ತಿರದ್ದಕ್ಕೆ ಗಾಢ ಅಂತ ಪಾಠದಲ್ಲಿ ಹೇಳುತ್ತಾರೆ. ನಡುವೆ ಗಾಳಿಯಲ್ಲಿರುವ ಧೂಳು, ಹಬೆಯೇ ಅದಕ್ಕೆ ಕಾರಣ. ನಾನು ದಿನಾ ನೋಡತೊಡಗಿದೆ. ಮೇ ತಿಂಗಳಲ್ಲಿ ಘೋರಾಡೇಶ್ವರ ಸುಟ್ಟ ರೊಟ್ಟಿಯ ಬಣ್ಣ. ಜುಲೈ ಹೊತ್ತಿಗೆ ಅದೇ ಗುಡ್ಡ ಹಸಿರೋ ಹಸಿರು, ಅರ್ಧ ದಿನ ಮೋಡದೊಳಗೆ. ಆ ಮಳೆಗಾಲದ ಹಸಿರು ಪರದೆ ಮೇಲೆ ಬೆಳಗುತ್ತದೆ, ಮುದ್ರಿಸಿದರೆ ಮಂಕು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣದವನು ನಾಲ್ಕು ಶಾಯಿಯಿಂದ ಮಾಡಬೇಕು. ಕೆಲವು ಹಸಿರು ಶಾಯಿಗೆ ಎಟಕುವುದೇ ಇಲ್ಲ. ಡಿಪೋದ ಗೋಡೆ, ಗೇಟು, ಅದರಾಚೆಯದು ಯಾವುದೂ ನನ್ನ ಚಿತ್ರದಲ್ಲಿಲ್ಲ. ಫೋಟೋ ತೆಗೆಯಬಾರದೆಂದು ಬೋರ್ಡು ಹಾಕಿದ ಜಾಗವನ್ನು ಪೆನ್ನಿನಿಂದ ಬಿಡಿಸಬಹುದೇ ಅಂತ ಇವರನ್ನು ಕೇಳಿದೆ. ಮಾತಾಡದೆ ಟೀ ಕುಡಿದರು. ಗುಡ್ಡವೇ ಸಾಕು ಅಂತ ಬಿಟ್ಟೆ.

ಕಾಗೆಯನ್ನೂ ಬಿಡಿಸಿದೆ. ಅದಕ್ಕೆ ಕಾರಣ ಆರ್.ಕೆ. ಲಕ್ಷ್ಮಣ್. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮುಂಬಯಿಯ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ, ಅದೇ ಮುಂಬಯಿಯಲ್ಲಿ ಇಡೀ ದೇಶ ಬೆಳಗ್ಗೆ ಎದ್ದು ನೋಡುವಂಥ ಗೆರೆ ಎಳೆದರು. 2015ರ ಜನವರಿ 26ರಂದು ಅವರು ತೀರಿಕೊಂಡದ್ದು ಪುಣೆಯಲ್ಲಿ. ರಾಜಕಾರಣಿಗಳನ್ನು ಬಿಡಿಸಿ ಬೇಸರವಾದಾಗ ಅನ್ನಿಸುತ್ತದೆ, ಅವರು ಕಾಗೆಗಳನ್ನು ಮನಸಾರೆ ಬಿಡಿಸುತ್ತಿದ್ದರು. ಕಲಿಯುವವರಿಗೆ ಕಾಗೆಯಂಥ ಒಳ್ಳೆ ಪಾಠ ಇನ್ನೊಂದಿಲ್ಲ. ಬಣ್ಣ ಹಾಕಿ ಮರೆಮಾಚಲು ಬರುವುದಿಲ್ಲ, ಆಕಾರ ಸರಿ ಇದ್ದರೆ ಕಾಗೆ, ಇಲ್ಲದಿದ್ದರೆ ಕೊಡೆ.

ವಯಸ್ಸಾದ ಮೇಲೆ ಇದೇನು ಹುಚ್ಚು ಅಂತ ಕೇಳುವವರಿಗೆ ಹೇಳಲು ನನ್ನ ಹತ್ತಿರ ಒಂದು ಹೆಸರಿದೆ. ಇಂಗ್ಲೆಂಡಿನ ಡೇವಿಡ್ ಹಾಕ್ನಿ. ಐಪ್ಯಾಡ್ ಮಾರುಕಟ್ಟೆಗೆ ಬಂದ 2010ರಲ್ಲೇ ಅದರ ಮೇಲೆ ಚಿತ್ರ ಬಿಡಿಸತೊಡಗಿದ ಚಿತ್ರಕಾರ, ಎಪ್ಪತ್ತು ದಾಟಿದ್ದ ವಯಸ್ಸಿನಲ್ಲಿ. ಮರುವರ್ಷ ಯಾರ್ಕ್‌ಷೈರಿನ ಒಂದು ಹಳ್ಳಿರಸ್ತೆಗೆ ವಸಂತ ಬರುವುದನ್ನು ಅದರಲ್ಲೇ ಮತ್ತೆ ಮತ್ತೆ ಚಿತ್ರಿಸಿದರು. ರಸ್ತೆ ಅದೇ, ಮರ ಅವೇ, ದಿನ ಮಾತ್ರ ಬೇರೆ. ಇವೆಲ್ಲ ಓದಿಕೊಂಡೇ ನಾನು ಗಚ್ಚಿನ ಮೇಲೆ ಕುರ್ಚಿ ಹಾಕಿದ್ದು.

ಇಷ್ಟರವರೆಗೆ ಇದು ಒಂದು ಹವ್ಯಾಸ, ಅಷ್ಟೆ. 2023ರ ಬೇಸಿಗೆಗೆ ಅವ್ವ ಬಂದಳು.

ಅವ್ವನಿಗೆ ಆಗ ಎಂಬತ್ತು. ಧಾರವಾಡದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಎಂಟನೇ ವಯಸ್ಸಿನಿಂದ ಕಸೂತಿ ಹಾಕಿದ ಕೈ. ಕಸೂತಿ ಅಂದರೆ ಯಾವುದೋ ಒಂದು ಹೊಲಿಗೆ ಅಂತ ತಿಳಿದವರಿಗೆ ಒಂದು ಮಾತು. ನಮ್ಮ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಗುರುತು ಮಾಡಿಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿಯೇ ಸೂಜಿ ಹೋಗಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹಾಕುತ್ತ ಹೋಗುತ್ತದೆ, ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಮನೆ ತುಂಬುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ಈ ಎರಡರಲ್ಲೂ ಬಟ್ಟೆಯ ಮುಂಬದಿ ಹಿಂಬದಿ ಒಂದೇ ಥರ ಕಾಣಬೇಕು, ಗಂಟು ಇರಕೂಡದು. ಗೋಪುರ, ತೇರು, ಅಂಬಾರಿ ಆನೆ, ನವಿಲು, ತೊಟ್ಟಿಲು, ತುಳಸಿಕಟ್ಟೆ ಎಲ್ಲ ಅವ್ವನ ತಲೆಯಲ್ಲಿದ್ದವು. ಕಾಗದದ ಮೇಲೆ ಒಂದೂ ಇಲ್ಲ. ನನ್ನ ಮದುವೆಯ ಚಂದ್ರಕಾಳಿ ಸೀರೆಯ ಸೆರಗಿನ ಮೇಲೆ ಇರುವಷ್ಟು ನನ್ನ ಹತ್ತಿರ ಇವೆ. ಅದಕ್ಕೂ ಮೊದಲು ಹಾಕಿದ್ದೆಲ್ಲ ಅವರಿವರ ಮನೆಗೆ ಹೋಗಿವೆ. ಕಸೂತಿಯ ನಮೂನೆಗಳ ಪುಸ್ತಕಗಳು ಸಿಗುತ್ತವೆ ನಿಜ, ಆದರೆ ಅವ್ವನ ತೇರಿಗೆ ಅವಳ ಅತ್ತೆ ಸೇರಿಸಿದ ಒಂದು ಕಳಸ ಇದೆ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಎರಡು ವರ್ಷದಿಂದ ಅವ್ವನ ಕಣ್ಣಿನ ನಡುವಿನ ನೋಟ ಹೋಗಿತ್ತು. ಅಂಚು ಕಾಣುತ್ತದೆ, ನೇರ ನೋಡಿದ್ದು ಮಸುಕು. ವಯಸ್ಸಿನಿಂದ ಬರುವಂಥದ್ದು, ಹೋದದ್ದು ತಿರುಗಿ ಬರುವಂಥದ್ದಲ್ಲ ಅಂತ ಡಾಕ್ಟರು ಹೇಳಿದ್ದರು. ಎಳೆ ಎಣಿಸುವ ಮಾತೇ ಮುಗಿದಿತ್ತು. ಕಸೂತಿ ಮಾತು ತೆಗೆದರೆ ಅವ್ವ ಬೇರೆ ಸುದ್ದಿ ಎತ್ತುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಪೇಡೆಯ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತಿದ್ದೆ. ಅಂಚು ತಿದ್ದಬೇಕಿತ್ತು. ಹಿಗ್ಗಿಸುತ್ತ ಹೋದರೆ ಗೊತ್ತಲ್ಲ, ಕೊನೆಗೆ ಗೆರೆ ಗೆರೆಯಾಗಿ ಉಳಿಯದೆ ಚೌಕ ಚೌಕವಾಗಿ ಒಡೆಯುತ್ತದೆ. ಅವನ್ನೇ ಪಿಕ್ಸೆಲ್ ಅನ್ನುವುದು. ಅವ್ವ ಪಕ್ಕದಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಕುತ್ತಿಗೆ ಓರೆ ಮಾಡಿ, ಕಣ್ಣಂಚಿನಿಂದ ನೋಡಿದಳು.

"ಇದೇನ, ಮನಿ ಮನಿ ಕಾಣಾಕತ್ತಾವು? ಎಳಿ ಎಣಿಸಿದಂಗ ಐತಲ್ಲ!"

"ಹೌದಬೇ, ಎಲ್ಲಾ ಚಿತ್ರ ಒಳಗ ಹಿಂಗ ಇರತಾವು."

"ಮತ್ತ ಅದಕ್ಯಾಕ ಪೇಡೆ ತೆಗ್ದಿ? ಗೋಪುರ ತೆಗಿ."

ಅಲ್ಲಿಂದ ಸುರು. ಮಗಳ ಹಳೇ ಗ್ರಾಫ್ ಪುಸ್ತಕದ ಒಂದು ಹಾಳೆಯ ಫೋಟೋ ತೆಗೆದು ಎಲ್ಲಕ್ಕಿಂತ ಕೆಳಗಿನ ಲೇಯರಾಗಿ ಹಾಕಿದೆ, ಬಣ್ಣವನ್ನು ಕಂಡೂ ಕಾಣದಷ್ಟು ತಿಳಿ ಮಾಡಿದೆ. ಅದರ ಮೇಲೆ ಇನ್ನೊಂದು ಪದರ, ಗೆರೆಗೆ. ಅವ್ವ ಹೇಳುವುದು, ನಾನು ಹಾಕುವುದು. "ಮೂರು ಮನಿ ಮುಂದ. ಎರಡು ಮ್ಯಾಲ. ಓರಿ ಒಂದು. ಮತ್ತ ಎರಡು ಮ್ಯಾಲ." ಎಡಬಲ ಒಂದೇ ಇರುವ ನಮೂನೆಗೆ ಕನ್ನಡಿ ಅಳತೆಗೋಲು ಇದೆ, ಅದನ್ನು ನಡುವೆ ನಿಲ್ಲಿಸಿದರೆ ಅರ್ಧ ಹಾಕುವಷ್ಟರಲ್ಲಿ ಇನ್ನರ್ಧ ತಾನೇ ಮೂಡುತ್ತದೆ. ಗೋಪುರ ಹದಿನೈದು ನಿಮಿಷದಲ್ಲಿ ಮುಗಿಯಿತು. ದೊಡ್ಡದು ಮಾಡಿ ಅವ್ವನ ಮುಂದೆ ಹಿಡಿದೆ. ಕುತ್ತಿಗೆ ಆ ಕಡೆ ಈ ಕಡೆ ಓರೆ ಮಾಡಿ ಬಹಳ ಹೊತ್ತು ನೋಡಿದಳು.

"ಛಂದ ಐತಿ. ಆದ್ರ ಇದನ್ನ ಯಾರೂ ಹಾಕಾಕ ಬರಂಗಿಲ್ಲ."

ಯಾಕೆ ಅಂದರೆ, ಸೂಜಿ ಎಲ್ಲಿಂದ ಒಳಗೆ ಹೋಯಿತು, ಎಲ್ಲಿ ಹೊರಳಿತು, ಎಲ್ಲಿ ತಿರುಗಿ ಬಂತು ಅನ್ನೋದು ಅದರಲ್ಲಿರಲಿಲ್ಲ. ಕನ್ನಡಿಯಿಂದ ಮೂಡಿದ ಅರ್ಧಕ್ಕೆ ದಾರಿಯೇ ಇಲ್ಲ. ಚಿತ್ರಕ್ಕೆ ಅದು ಬೇಕಾಗಿಲ್ಲ, ಪೆನ್ನು ಎಲ್ಲಿ ಬೇಕಾದರೂ ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ಸೂಜಿಗೆ ಆ ಸ್ವಾತಂತ್ರ್ಯ ಇಲ್ಲ. ನಡುವೆ ಎತ್ತಿ ಇಟ್ಟರೆ ಹಿಂಬದಿಯಲ್ಲಿ ಉದ್ದ ದಾರ ಕಾಣುತ್ತದೆ. ಗವಂತಿಯ ಕಷ್ಟವೆಲ್ಲ ಇರುವುದು ದಾರಿಯಲ್ಲಿ. ಟೊಂಗೆಗೆ ಹೋಗಿ, ಟೊಂಗೆ ಮುಗಿಸಿ, ಮತ್ತೆ ಕಾಂಡಕ್ಕೆ ಬಂದು, ಕಡೆಗೆ ಹೊರಟಲ್ಲಿಗೇ ಬಂದು ಸೇರಬೇಕು. ಪುಸ್ತಕದ ನಮೂನೆ ನೋಡಿ ಹಾಕಿದ ಎಷ್ಟೋ ಕಸೂತಿಯ ಹಿಂಬದಿ ಜಾಳುಜಾಳಾಗಿರುವುದು ಇದಕ್ಕೇ ಅಂತ ಅವ್ವನ ಅಂಬೋಣ.

ಡೋನಟ್ಟಿನ ಪಾಠ ಇಲ್ಲಿ ಉಪಯೋಗಕ್ಕೆ ಬಂತು ನೋಡಿ! ಗೋಪುರವನ್ನು ಎರಡು ಪದರವಾಗಿ ಒಡೆದೆ. ಹೋಗುವ ಹೊಲಿಗೆ ಒಂದರಲ್ಲಿ, ಕೆಂಪು. ಬರುವ ಹೊಲಿಗೆ ಇನ್ನೊಂದರಲ್ಲಿ, ನೀಲಿ. ಕೆಂಪು ಪದರ ಮಾತ್ರ ತೆರೆದಿಟ್ಟರೆ ಒಂದು ಬಿಟ್ಟು ಒಂದು ಮನೆ ಹಾಕಿದ ಗೋಪುರ, ಹಲ್ಲು ಬಿದ್ದ ಬಾಯಿಯ ಹಾಗೆ. ನೀಲಿ ತೆರೆದರೆ ತುಂಬಿಕೊಳ್ಳುತ್ತದೆ. ಕನ್ನಡಿ ಅಳತೆಗೋಲು ಬಂದ್. ಒಂದೊಂದು ಮನೆಯನ್ನೂ ಸೂಜಿ ಹೋಗುವ ಕ್ರಮದಲ್ಲೇ ಹಾಕಬೇಕು. ಅದರಿಂದ ಇನ್ನೊಂದು ಲಾಭ ಆಯಿತು. ಚಿತ್ರ ಬಿಡಿಸಿದ್ದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿ ತೋರಿಸುವ ಸೌಲಭ್ಯ ಈ ಆ್ಯಪಿನಲ್ಲಿದೆ. ಇದ್ದಬದ್ದ ಹುಡುಗರೆಲ್ಲ ಅದನ್ನು ತಮ್ಮ ಕೈಚಳಕ ತೋರಿಸಲು ಬಳಸುತ್ತಾರೆ. ನಮಗೆ ಅದು ಸೂಜಿಯ ದಾರಿ. ಗೋಪುರದ ಬುಡದಲ್ಲಿ ಒಂದು ಕೆಂಪು ಗೆರೆ ಹುಟ್ಟುತ್ತದೆ, ಮೆಟ್ಟಿಲು ಹತ್ತುತ್ತದೆ, ಕಳಸಕ್ಕೆ ಹೋಗಿ ಇಳಿಯುತ್ತದೆ, ಹೊರಳಿ ನೀಲಿಯಾಗಿ ಬರುತ್ತದೆ.

ಅವ್ವ ಒಂದು ತಿಂಗಳಿಗೆಂದು ಬಂದವಳು ಎರಡು ತಿಂಗಳಿದ್ದಳು. ಜೂನಿನಲ್ಲಿ ತುಕಾರಾಮರ ಪಾಲಖಿ ದೇಹೂದಿಂದ ಹೊರಟು ಆಕುರ್ಡಿಗೆ ನಮ್ಮ ರಸ್ತೆಯಲ್ಲೇ ಹಾದುಹೋಯಿತು. ಅವ್ವನನ್ನು ರಸ್ತೆ ಪಕ್ಕ ಕುರ್ಚಿ ಹಾಕಿ ಕೂಡಿಸಿದೆವು. ಅವಳಿಗೆ ಕಂಡದ್ದು ಬಿಳಿ ಟೋಪಿಗಳ ಹೊಳೆ, ಮೇಲೆ ಕಾವಿ ಪತಾಕೆಗಳ ಅಲುಗಾಟ, ಅಷ್ಟೆ. ಉಳಿದದ್ದು ತಾಳದ ಸದ್ದು. ನನ್ನ ಪಾಲಖಿ ಚಿತ್ರವೂ ಹಾಗೇ ಇದೆ. ಮುಖಗಳಿಲ್ಲ, ಬಿಳಿ ಚುಕ್ಕಿ, ಕಾವಿ ತ್ರಿಕೋನ. ಗುಂಪು ಬಿಡಿಸುವಾಗ ಮುಖ ಬಿಡಿಸಬೇಡಿ ಅಂತ ಪಾಠದಲ್ಲೂ ಹೇಳಿದ್ದಾರೆ.

ಅವ್ವ ಧಾರವಾಡಕ್ಕೆ ತಿರುಗಿ ಹೋದ ಮೇಲೆ ಕೆಲಸ ಫೋನಿನಲ್ಲಿ ನಡೆದಿದೆ. ಇಲ್ಲಿಂದ ಧಾರವಾಡ ನಾನೂರು ಚಿಲ್ಲರೆ ಕಿಲೋಮೀಟರ್. ನಮ್ಮೂರಿನ ಅಂಚಿನಲ್ಲಿ ಬೈಪಾಸ್ ಒಡೆಯುತ್ತದಲ್ಲ, ಅದೇ ಹೆದ್ದಾರಿ ಸಾತಾರಾ, ಕೊಲ್ಹಾಪುರ, ಬೆಳಗಾವಿ ಹಾದು ಧಾರವಾಡದ ಪಕ್ಕಕ್ಕೇ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಹೆದ್ದಾರಿಗೆ ಹೋದಾಗಲೆಲ್ಲ ಲಾರಿಗಳ ನಂಬರ್ ಪ್ಲೇಟಿನಲ್ಲಿ ನಮ್ಮ ಕಡೆಯದು ಇದೆಯೇ ಅಂತ ನೋಡುತ್ತಿದ್ದೆ. ಈಗ ಸಂಜೆ ನಾಲ್ಕಕ್ಕೆ ಅವ್ವನ ಫೋನು ಬರುತ್ತದೆ. ಆರೋಗ್ಯ, ಮಳೆ, ಊಟ ಎಲ್ಲ ಎರಡೇ ಮಾತಿನಲ್ಲಿ ಮುಗಿಯುತ್ತವೆ.

"ಟ್ಯಾಬ್ಲೆಟ್ ತಗೊಂಡಿ ಇಲ್ಲೋ?"

"ತಗೊಂಡೀನಿ, ಹೇಳಬೇ."

ಕಣ್ಣಿಗೆ ಕಾಣದ್ದನ್ನು ಬೆರಳು ಹೇಳುತ್ತದೆ. ಅವ್ವ ಫೋನನ್ನು ಸ್ಪೀಕರಿಗೆ ಹಾಕಿ, ತೊಡೆಯ ಮೇಲೆ ಬಲಗೈ ತೋರುಬೆರಳಿನಿಂದ ಹೊಲಿಗೆ ಹಾಕುತ್ತ ಎಣಿಸುತ್ತಾಳಂತೆ. ತಮ್ಮನ ಹೆಂಡತಿ ಹೇಳಿದಳು. ಕೆಲವು ದಿನ ಸರಾಗ. ಕೆಲವು ದಿನ ಐದನೇ ಸಾಲಿಗೆ ಸಿಕ್ಕಿಕೊಂಡು, "ನಿಲ್ಲು, ನಿಲ್ಲು" ಅಂತ ಮೊದಲಿನಿಂದ ಬರುತ್ತಾಳೆ. ಆನೆಯ ಸೊಂಡಿಲಿಗೆ ಮೂರು ಸಂಜೆ ಹಿಡಿಯಿತು. ತುಳಸಿಕಟ್ಟೆ ಇನ್ನೂ ಆಗಿಲ್ಲ. ಮೆಟ್ಟಿಲು ಐದೋ ಏಳೋ ಅನ್ನುವುದರಲ್ಲಿ ಅವ್ವನಿಗೂ ಅವಳ ತೀರಿಹೋದ ಅಕ್ಕನಿಗೂ ಹಳೇ ಜಗಳವಿದೆ, ಅದು ಮುಗಿಯದೆ ಮುಂದೆ ಹೋಗುವಂತಿಲ್ಲ. ಇವತ್ತಿಗೆ ಇಪ್ಪತ್ತೊಂದು ನಮೂನೆ ಆಗಿವೆ. ಇನ್ನೆಷ್ಟಿವೆ ಅಂತ ಕೇಳಿದರೆ, "ಎಣಿಸಿಲ್ಲ, ಕೂತಾಗ ಬರತಾವು" ಅನ್ನುತ್ತಾಳೆ. ಅದಕ್ಕೇ ನಾನು ನಾಲ್ಕು ಗಂಟೆಗೆ ಎಲ್ಲಿಗೂ ಹೋಗುವುದಿಲ್ಲ. ಘೋರಾಡೇಶ್ವರ ಕಾಯುತ್ತದೆ, ಗುಡ್ಡಕ್ಕೆ ಅವಸರವಿಲ್ಲ.

ಹೋದ ಸಂಕ್ರಾಂತಿಗೆ ತಮ್ಮನ ಮಗಳು ಮೊದಲ ಸಲ ಸೂಜಿ ಹಿಡಿದಳು. ಕಾಲೇಜಿನ ಹುಡುಗಿ, ಅಜ್ಜಿಯ ಮುಂದೆ ಕೂತು ಕಲಿ ಅಂದರೆ ಹತ್ತು ನೆವ ಹೇಳುತ್ತಿದ್ದವಳು. ನಾನು ಕಳಿಸಿದ ಗೋಪುರದ ವಿಡಿಯೋವನ್ನು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತ, ನಾಲ್ಕು ದಿನದಲ್ಲಿ ಒಂದು ಕರವಸ್ತ್ರದ ಮೂಲೆಗೆ ಹಾಕಿದಳು. ನನಗೆ ಫೋಟೋ ಬಂತು. ಮುಂಬದಿ ಚೆನ್ನಾಗಿತ್ತು, ಹಿಂಬದಿಯೂ ಹೆಚ್ಚುಕಡಿಮೆ ಅದೇ ಥರ. ನಾನಂತೂ ಕುಣಿದೆ. ಇವರಿಗೆ ತೋರಿಸಿದೆ, ಮಗಳಿಗೆ ಕಳಿಸಿದೆ.

ಆಮೇಲೆ ಧಾರವಾಡಕ್ಕೆ ಫೋನು ಮಾಡಿದೆ. ಹುಡುಗಿ ಕರವಸ್ತ್ರವನ್ನು ಅಜ್ಜಿಯ ಕೈಗೆ ಕೊಟ್ಟಳು. ಆ ಕಡೆ ಬಹಳ ಹೊತ್ತು ಮಾತಿಲ್ಲ. ಅವ್ವ ಅದನ್ನು ಮಗುಚಿ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಾಳೆ ಅಂತ ಹುಡುಗಿ ಪಿಸುದನಿಯಲ್ಲಿ ಹೇಳಿದಳು.

"ಕಳಸದ ಕೆಳಗ, ಹೊರಳೋ ಕಡೆ ಗಂಟು ಹಾಕಿ ಮುಚ್ಯಾಳ," ಅವ್ವ ಅಂದಳು. "ಬಿಚ್ಚಂತ ಹೇಳು. ಬಿಚ್ಚಿ ಮತ್ತ ಹಾಕ್ಲಿ."